ಗೌರಿ ಹುಣ್ಣಿಮೆಗೆ ಮನೆಯಲ್ಲೇ ಸಕ್ಕರೆ ಆರತಿ: ಸೊಂಡಿಲು ಮುರಿಯದ ಆನೆ ಮಾಡುವುದು ಹೇಗೆ?

ಗೌರಿ ಹುಣ್ಣಿಮೆ ಸಮೀಪಿಸಿದರೆ ಸಾಕು, ದಾವಣಗೆರೆಯ ಪೇಟೆಯಲ್ಲಿ ಸಕ್ಕರೆ ಆರತಿಗಳ ಮಾರಾಟ ಶುರುವಾಗುತ್ತದೆ. ಆನೆ, ಒಂಟೆ, ನವಿಲು, ತೇರು, ಬಸವಣ್ಣ ಎಲ್ಲವೂ ಸಕ್ಕರೆಯವೇ. ದೀಪಾವಳಿ ಕಳೆದು ಬರುವ ಕಾರ್ತಿಕದ ಹುಣ್ಣಿಮೆಯಂದು ಹೆಣ್ಣುಮಕ್ಕಳು ಇವುಗಳನ್ನು ತಟ್ಟೆಯಲ್ಲಿ ಜೋಡಿಸಿ, ದೀಪ ಹಚ್ಚಿಟ್ಟು ಗೌರಿಗೆ ಬೆಳಗುತ್ತಾರೆ. ಮದುವೆ ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆಯ ಜೊತೆ ಸಕ್ಕರೆ ಆರತಿಯೂ ಬರುವುದು ನಮ್ಮ ಕಡೆಯ ವಾಡಿಕೆ.

ಬೀಗರ ಮನೆಗೆ ಹೋಗುವ ಡಬ್ಬಿಯಲ್ಲಿ ಅಂಗಡಿಯ ಗೊಂಬೆ ಏಕೆ, ನಾವೇ ಮಾಡೋಣ ಎಂದು ಉತ್ಸಾಹದಿಂದ ಹೊರಡುವವರನ್ನು ಪ್ರತಿ ವರ್ಷವೂ ನೋಡುತ್ತೇನೆ. ಎಡವುವುದು ಬಹುತೇಕ ಎಲ್ಲರೂ ಒಂದೇ ಕಡೆ. ಒಂದು ಕಿಲೋ ಸಕ್ಕರೆಯ ಪಾಕವನ್ನು ದೊಡ್ಡ ಪಾತ್ರೆಯಲ್ಲಿ ಒಟ್ಟಿಗೆ ಕಾಯಿಸಿ, ಅಚ್ಚುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಹೊಯ್ಯಲು ನಿಲ್ಲುತ್ತಾರೆ. ಮೊದಲ ಆನೆ ತೆಳು ಪಾಕದಲ್ಲಿ ಅಂಟಂಟಾಗುತ್ತದೆ, ಎರಡನೆಯದು ಸರಿಯಾಗಿ ಬರುತ್ತದೆ, ಮೂರನೆಯದಕ್ಕೆ ಬರುವಷ್ಟರಲ್ಲಿ ಪಾಕ ಪಾತ್ರೆಯಲ್ಲೇ ಗಟ್ಟಿಯಾಗಿ ಸೌಟು ನಿಂತುಬಿಡುತ್ತದೆ. ಆಮೇಲೆ ಸಕ್ಕರೆಯನ್ನೋ ಅಚ್ಚನ್ನೋ ಬೈಯುತ್ತಾರೆ.

ಹಂತ 1: ಅಚ್ಚು ಮತ್ತು ಸಕ್ಕರೆ

ಅಚ್ಚು ಮರದ್ದೇ ಆಗಬೇಕು. ಅಜ್ಜಿಯ ಕಾಲದ್ದು ಅಟ್ಟದ ಮೇಲಿದ್ದರೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಚಾಕೊಲೇಟಿಗೆಂದು ಮಾರುವ ಅಗ್ಗದ ಪ್ಲಾಸ್ಟಿಕ್ ಅಚ್ಚುಗಳು ಕುದಿಯುವ ಪಾಕದ ಕಾವಿಗೆ ಸೊಟ್ಟಗಾಗುತ್ತವೆ, ದುಡ್ಡು ಹಾಳುಮಾಡಿಕೊಳ್ಳಬೇಡಿ. ಸಿಲಿಕೋನ್ ಅಚ್ಚು ಕಾವು ತಡೆಯುತ್ತದೆ, ಆದರೆ ಅದರಲ್ಲಿ ಸಿಗುವುದು ಕರಡಿ, ಹೃದಯ, ನಕ್ಷತ್ರ. ಗೌರಿಗೆ ಕರಡಿಯ ಆರತಿ ಬೆಳಗುವುದಾದರೆ ನಿಮ್ಮಿಷ್ಟ.

ಮರದ ಅಚ್ಚನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಮುಳುಗಿಸಿಡಿ. ನೀರು ಕುಡಿದ ಮರ ಪಾಕವನ್ನು ಹೀರುವುದಿಲ್ಲ, ಹಾಗಾಗಿ ಗೊಂಬೆ ಅಂಟುವುದಿಲ್ಲ. ತುಪ್ಪವನ್ನೋ ಎಣ್ಣೆಯನ್ನೋ ಸವರಿ ಎಂದು ಹೇಳುವ ವಿಡಿಯೊಗಳನ್ನು ಮರೆತುಬಿಡಿ. ಜಿಡ್ಡು ಗೆರೆಗಳಲ್ಲಿ ಕೂತು ನವಿಲಿನ ಗರಿಯೆಲ್ಲ ಮಾಸಿಹೋಗುತ್ತದೆ. ಬಳಸುವ ಮುಂಚೆ ಅಚ್ಚನ್ನು ಕೊಡವಿ, ಒಳಗಿನ ನೀರಹನಿಗಳನ್ನು ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಹನಿ ಉಳಿದ ಕಡೆ ಗೊಂಬೆಗೆ ಕುಳಿ ಬೀಳುತ್ತದೆ. ಎರಡು ಭಾಗಗಳನ್ನು ಸೇರಿಸಿ ದಾರದಿಂದಲೋ ದಪ್ಪ ರಬ್ಬರ್ ಬ್ಯಾಂಡಿನಿಂದಲೋ ಬಿಗಿಯಿರಿ. ಹಳೆಯ ಅಚ್ಚಿನ ಸಂದಿ ಬಿಟ್ಟುಕೊಂಡಿದ್ದರೆ ಹೊರಗಡೆಯಿಂದ ಗೋಧಿ ಹಿಟ್ಟಿನ ಕಣಕ ಮೆತ್ತಿ.

ಸಕ್ಕರೆ 1 ಕಿಲೋ, ನೀರು 400 ಮಿಲಿಲೀಟರ್, ಹಾಲು 4 ಚಮಚ. ಕುಕ್ಕುವಾಡದಲ್ಲೇ ಸಕ್ಕರೆ ಕಾರ್ಖಾನೆ ಇಟ್ಟುಕೊಂಡಿರುವ ಜಿಲ್ಲೆಯವರಿಗೆ ಸಕ್ಕರೆ ಆರಿಸುವುದನ್ನು ಹೇಳಿಕೊಡಬೇಕಾಗಿಲ್ಲ. ಬಿಳಿಯಾಗಿ, ಒಣಗಿ, ಉದುರುದುರಾಗಿದ್ದರೆ ಸಾಕು. ಪ್ಯಾಕೆಟ್ಟಿನಲ್ಲಿ ಬರುವ ಸಕ್ಕರೆ ಪುಡಿ ಮಾತ್ರ ಬೇಡ. ಗಂಟು ಕಟ್ಟದಿರಲೆಂದು ಅದಕ್ಕೆ ಹಲವು ಬಾರಿ ಜೋಳದ ಪಿಷ್ಟ ಬೆರೆಸಿರುತ್ತಾರೆ, ಪಾಕ ಮಬ್ಬಾಗುತ್ತದೆ. ಬೆಲ್ಲದ ಆನೆ ಮಾಡುತ್ತೇನೆಂದು ಹೊರಡುವವರಿಗೂ ಒಂದು ಮಾತು: ಬೆಲ್ಲ ಹೀಗೆ ಬಿಗಿಯಾಗಿ ಹರಳುಗಟ್ಟುವುದಿಲ್ಲ, ಒಂದೆರಡು ದಿನಕ್ಕೆ ಬೆವರುತ್ತದೆ.

ಹಂತ 2: ಕೊಳೆ ತೆಗೆಯುವುದು

ಸಕ್ಕರೆ ಮತ್ತು ನೀರನ್ನು ಕಾಯಿಸಿ, ಕರಗಿ ಕುದಿ ಬಂದಾಗ ಹಾಲು ಹಾಕಿ. ಹಾಲು ಒಡೆದು ಕೊಳೆಯನ್ನೆಲ್ಲ ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ಪಾಕವನ್ನು ಒದ್ದೆ ಬಟ್ಟೆಯಲ್ಲಿ ಸೋಸಿ. ಇಲ್ಲಿಗೆ ನಿಲ್ಲಿಸಿ. ಇದಿನ್ನೂ ಗೊಂಬೆಯ ಪಾಕವಲ್ಲ, ತೆಳು ಪಾಕ.

ನಿಂಬೆರಸ ಹಿಂಡಬೇಡಿ. ಜಾಮೂನಿನ ಪಾಕ ಹರಳುಗಟ್ಟದಿರಲೆಂದು ನಿಂಬೆ ಹಿಂಡುವುದು ಎಲ್ಲರಿಗೂ ರೂಢಿ. ಹುಳಿ ಬಿದ್ದರೆ ಸಕ್ಕರೆ ಸ್ವಲ್ಪ ಸ್ವಲ್ಪವಾಗಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ, ಅವು ಹರಳು ಕಟ್ಟುವುದನ್ನು ತಡೆಯುತ್ತವೆ. ನಮಗೆ ಬೇಕಾಗಿರುವುದೇ ಹರಳು.

ಹಂತ 3: ಒಂದೊಂದೇ ಸೌಟು

ಕೈಹಿಡಿ ಇರುವ, ಸುರಿಯಲು ಮೂತಿ ಇರುವ ಸಣ್ಣ ಪಾತ್ರೆ ತೆಗೆದುಕೊಳ್ಳಿ. ಅದಕ್ಕೆ ಎರಡು ಸಣ್ಣ ಅಚ್ಚು ತುಂಬುವಷ್ಟು ಪಾಕ, ಅಂದರೆ ದೊಡ್ಡ ಸೌಟಿನಲ್ಲಿ ಒಂದು ಅಥವಾ ಒಂದೂವರೆ ಸೌಟು, ಹಾಕಿ ಒಲೆಗಿಡಿ. ಉಳಿದದ್ದು ಮುಚ್ಚಿ ಪಕ್ಕದಲ್ಲಿರಲಿ. ಪ್ರತಿ ಎರಡು ಗೊಂಬೆಗೂ ಹೊಸದಾಗಿ ಕಾಯಿಸಬೇಕು. ಬೇಸರದ ಕೆಲಸ ಹೌದು. ಅಡ್ಡದಾರಿ ಹುಡುಕುವವರು ಅಂಗಡಿಗೆ ಹೋಗುವುದೇ ಮೇಲು.

ಒಲೆಯ ಮೇಲಿರುವಾಗ ಕೈಯಾಡಿಸಬೇಡಿ. ಪಾತ್ರೆಯ ಬದಿಗೆ ಸಿಡಿದ ಪಾಕ ಒಣಗಿ ಹರಳಾಗಿರುತ್ತದೆ. ಅದು ಒಳಗೆ ಬಿದ್ದರೆ ಇಡೀ ಪಾಕ ಹೊತ್ತಿಗೆ ಮುಂಚೆಯೇ ದಪ್ಪ ದಪ್ಪ ಹರಳುಗಟ್ಟುತ್ತದೆ. ಒದ್ದೆ ಬಟ್ಟೆಯನ್ನು ಕಡ್ಡಿಗೆ ಸುತ್ತಿ ಬದಿಗಳನ್ನು ಆಗಾಗ ಒರೆಸುತ್ತಿರಿ. ಮೊದಲು ಗುಳ್ಳೆಗಳು ದೊಡ್ಡವಾಗಿ, ಗದ್ದಲದಿಂದ ಏಳುತ್ತವೆ. ನೀರು ಆರಿದ ಹಾಗೆ ಗುಳ್ಳೆ ಸಣ್ಣದಾಗಿ, ಒತ್ತೊತ್ತಾಗಿ, ಸದ್ದು ಭಾರವಾಗುತ್ತದೆ. ಆಗ ಒಂದು ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಡಿ. ಬೆರಳಲ್ಲಿ ಉರುಳಿಸಿದರೆ ಉಂಡೆಯಾಗಿ, ಒತ್ತಿದರೆ ಸ್ವಲ್ಪವೇ ಬಗ್ಗಬೇಕು. ನೀರಲ್ಲಿ ಹರಡಿದರೆ ಇನ್ನೂ ಕಾಯಿಸಿ. ಬೆರಳ ನಡುವೆ ಎಳೆ ಬಂತೆಂದು ಇಳಿಸಬೇಡಿ. ಒಂದೆಳೆ ಪಾಕ ಬೂಂದಿ ಲಾಡುವಿಗೆ ಸಾಕು, ಆನೆಗೆ ಸಾಲದು.

ಥರ್ಮಾಮೀಟರ್ ಇರುವವರಿಗೆ ಒಂದು ಎಚ್ಚರಿಕೆ. ಪುಸ್ತಕಗಳಲ್ಲಿ ಕೊಡುವ ಉಷ್ಣತೆ ಸಮುದ್ರ ಮಟ್ಟದ ಲೆಕ್ಕ. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 98 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಪುಸ್ತಕದಲ್ಲಿ 118 ಎಂದಿದ್ದರೆ ನೀವು 116ಕ್ಕೆ ಇಳಿಸಿ. ಚಿತ್ರದುರ್ಗ ಇನ್ನೂ ಎತ್ತರ, ಅಲ್ಲಿ ಇನ್ನರ್ಧ ಡಿಗ್ರಿ ಕಡಿಮೆ.

ಈಗ ಒಲೆಯಿಂದ ಇಳಿಸಿ, ಕುದಿ ಅಡಗಲು ಬಿಟ್ಟು, ಮರದ ಸೌಟಿನಿಂದ ತಿರುವಲು ಶುರುಮಾಡಿ. ಸುಮ್ಮನೆ ಕಲಕಿದರೆ ಸಾಲದು, ಪಾತ್ರೆಯ ಬದಿಗೆ ಸೌಟನ್ನು ಒತ್ತಿ ಉಜ್ಜಬೇಕು. ಆ ಪಾಕದಲ್ಲಿ ನೀರು ತಾಳಿಕೊಳ್ಳಲಾರದಷ್ಟು ಸಕ್ಕರೆ ಇರುತ್ತದೆ. ಉಜ್ಜಿದಾಗ ಅಸಂಖ್ಯ ಸಣ್ಣ ಹರಳುಗಳು ಒಮ್ಮೆಲೇ ಹುಟ್ಟುತ್ತವೆ. ಹರಳು ಸಣ್ಣದಾದಷ್ಟೂ ಗೊಂಬೆ ಬೆಳ್ಳಗೆ, ನುಣುಪಾಗಿ ಬರುತ್ತದೆ. ಉಜ್ಜದೆ ಹೊಯ್ದರೆ ಕೆಲವೇ ದಪ್ಪ ಹರಳು ಬೆಳೆದು ಗೊಂಬೆ ತರಿತರಿಯಾಗುತ್ತದೆ, ಇಲ್ಲವೇ ಹರಳೇ ಕಟ್ಟದೆ ಅಂಟಾಗಿ ಉಳಿಯುತ್ತದೆ.

ಕಣ್ಣು ಪಾಕದ ಅಂಚಿನ ಮೇಲಿರಲಿ. ಮೊದಲು ಅಂಚಿನಲ್ಲಿ ಮಬ್ಬು ಕಾಣಿಸುತ್ತದೆ, ಸೌಟು ಹಾಯ್ದ ದಾರಿಯಲ್ಲಿ ಬಿಳಿ ಗೆರೆ ಉಳಿಯುತ್ತದೆ, ಮರುಕ್ಷಣ ಇಡೀ ಪಾಕ ಬಿಳಿಚುತ್ತದೆ. ತೆಳು ದೋಸೆ ಹಿಟ್ಟಿನಂತೆ ಇಳಿಯುತ್ತಿರುವ ಆ ಗಳಿಗೆಯಲ್ಲೇ ಹೊಯ್ಯಬೇಕು. ಅರ್ಧ ನಿಮಿಷವೂ ಸಿಗುವುದಿಲ್ಲ. ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ತಡವಾಗಿ ಪಾತ್ರೆಯಲ್ಲೇ ಗಟ್ಟಿಯಾಯಿತೇ? ಎರಡು ಮೂರು ಚಮಚ ನೀರು ಹಾಕಿ, ಪೂರ್ತಿ ಕರಗಿಸಿ, ಮತ್ತೆ ಕಾಯಿಸಿ. ಬೇಗ ಹೊಯ್ದು ಸಂದಿಯಿಂದ ಸೋರಿತೇ? ಅದನ್ನೂ ಬಳಿದು ಪಾತ್ರೆಗೆ ಹಾಕಿ. ಸಕ್ಕರೆ ಹಾಳಾಗುವುದು ತಳ ಹಿಡಿದು ಕೆಂಪಾದಾಗ ಮಾತ್ರ.

ಹಂತ 4: ಹೊಯ್ಯುವುದು, ಬಿಡಿಸುವುದು

ಪಾಕದ ಧಾರೆ ತೆಳ್ಳಗಿರಲಿ, ತುಂಡಾಗದಿರಲಿ. ಅರ್ಧ ತುಂಬಿದಾಗ ಮಡಿಸಿದ ಬಟ್ಟೆಯ ಮೇಲೆ ಅಚ್ಚನ್ನು ಎರಡು ಬಾರಿ ಕುಟ್ಟಿ. ಸೊಂಡಿಲಿನ ತುದಿಯಲ್ಲಿ ಸಿಕ್ಕಿಕೊಂಡ ಗಾಳಿ ಆಗ ಹೊರಬರುತ್ತದೆ. ಸೊಂಡಿಲು ಮುರಿಯುವುದು ಬಹಳ ಸಲ ಈ ಗಾಳಿಗುಳ್ಳೆಯಿಂದಲೇ. ಬಲಕ್ಕೆಂದು ಒಳಗೆ ಕಡ್ಡಿ ಸಿಕ್ಕಿಸುವವರಿದ್ದಾರೆ; ಮಕ್ಕಳು ಕಚ್ಚಿ ತಿನ್ನುವ ವಸ್ತುವಿನಲ್ಲಿ ಕಡ್ಡಿ ಇಡುವುದು ತಪ್ಪು. ತೇರಿನಂಥ ದೊಡ್ಡ ಅಚ್ಚಾದರೆ, ಹೊರಪದರ ಬಿಗಿದ ಕೂಡಲೇ ಬೋರಲು ಹಾಕಿ ನಡುವಿನ ಪಾಕವನ್ನು ಪಾತ್ರೆಗೆ ಸುರಿದುಬಿಡಿ. ಒಳಗೆ ಟೊಳ್ಳಾಗಿ, ಹೊರಲು ಹಗುರವಾಗುತ್ತದೆ.

ಸಣ್ಣ ಗೊಂಬೆ ಹತ್ತು ನಿಮಿಷದೊಳಗೆ ಗಟ್ಟಿಯಾಗುತ್ತದೆ. ಅಚ್ಚು ಉಗುರು ಬೆಚ್ಚಗಾದಾಗ ಕಟ್ಟು ಬಿಚ್ಚಿ, ಬೆನ್ನನ್ನು ಮೆಲ್ಲಗೆ ತಟ್ಟಿ, ಒಂದು ಭಾಗವನ್ನು ನೇರವಾಗಿ ಎತ್ತಿ. ಚಾಕು ತೂರಿಸಬೇಡಿ. ಮುಂದಿನ ಸುತ್ತಿಗೆ ಮುಂಚೆ ಅಚ್ಚನ್ನು ಮತ್ತೆ ನೀರಿಗೆ ಹಾಕಿ.

ಬಣ್ಣದ ವಿಚಾರದಲ್ಲಿ ನಾನು ಹಟಮಾರಿ. ಬಿಳಿಯೇ ಚೆಂದ. ಕಿರಾಣಿ ಅಂಗಡಿಯಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಸಿಗುವ ಕಡು ಗುಲಾಬಿ ಪುಡಿಯನ್ನಂತೂ ಮುಟ್ಟಬೇಡಿ. ಕಾಟನ್ ಕ್ಯಾಂಡಿಯಲ್ಲಿ ಸಿಕ್ಕಿ 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ನಿಷೇಧ ಹೇರಲು ಕಾರಣವಾದ ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. ಅಂಥ ಪೊಟ್ಟಣದಲ್ಲಿ ಏನಿದೆಯೆಂದು ಯಾರಿಗೂ ತಿಳಿಯದು. ಬೀಟ್‌ರೂಟ್ ರಸ ಪಾಕದ ಕಾವಿಗೆ ಕಂದಾಗುತ್ತದೆ. ಬಣ್ಣ ಬೇಕೇ ಬೇಕೆಂದರೆ ಚಿಟಿಕೆ ಅರಿಶಿನ ಅಥವಾ ಹಾಲಿನಲ್ಲಿ ನೆನೆಸಿದ ಕೇಸರಿ.

ಹಂತ 5: ಒಣಗಿಸುವುದು

ನೆರಳಿನಲ್ಲಿ, ತೆಳು ಬಟ್ಟೆ ಹೊದಿಸಿ, ಅಡುಗೆಮನೆಯ ಹಬೆಯಿಂದ ದೂರ, ಒಂದು ದಿನ. ಫ್ರಿಜ್ಜಿಗೆ ಇಟ್ಟರೆ ಹೊರಗೆ ತೆಗೆದಾಗ ನೀರು ಕೂತು ಕರಗುತ್ತವೆ.

ಮುರಿದ ಆನೆಗಳಿಗೆ ಒಲೆ ಸಿದ್ಧ

ಎಷ್ಟೇ ಜಾಗ್ರತೆ ಮಾಡಿದರೂ ಕೆಲವು ಮುರಿಯುತ್ತವೆ. ಅವನ್ನು ಮಿಕ್ಸಿಗೆ ಹಾಕಿ ನುಣ್ಣಗೆ ಪುಡಿಮಾಡಿ ಬೆಣ್ಣೆ ಬಿಸ್ಕತ್ತು ಮಾಡಿ. ಮಕ್ಕಳನ್ನು ಬಿಸಿ ಪಾಕದ ಹತ್ತಿರ ಬಿಡಲಾಗದು. ಈ ಕೆಲಸಕ್ಕೆ ಧಾರಾಳವಾಗಿ ಬಿಡಬಹುದು.

ಸಕ್ಕರೆ ಪುಡಿ 100 ಗ್ರಾಂ, ಬೆಣ್ಣೆ 125 ಗ್ರಾಂ, ಮೈದಾ 200 ಗ್ರಾಂ, ಚಿರೋಟಿ ರವೆ 2 ಚಮಚ, ಏಲಕ್ಕಿ, ಚಿಟಿಕೆ ಉಪ್ಪು. ದೋಸೆಗೆ ಹಾಕುವ ಬಿಳಿ ಬೆಣ್ಣೆ ಎಲ್ಲೆಡೆ ಸಿಗುವ ಊರಿನಲ್ಲಿದ್ದುಕೊಂಡು ಬೆಣ್ಣೆಯ ಪರಿಮಳ ಬೆರೆಸಿದ ವನಸ್ಪತಿ ಬಳಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಅಂಗುಳಿಗೆ ಮೆತ್ತಿಕೊಳ್ಳುತ್ತದೆ. ಮನೆಯ ಬೆಣ್ಣೆಯಾದರೆ ಮಜ್ಜಿಗೆಯ ಅಂಶ ಹೋಗುವವರೆಗೆ ತಣ್ಣೀರಿನಲ್ಲಿ ತೊಳೆದು, ನೀರನ್ನು ಚೆನ್ನಾಗಿ ಹಿಂಡಿ. ನೀರು ಉಳಿದರೆ ಬಿಸ್ಕತ್ತು ಗಡುಸಾಗುತ್ತದೆ.

ಬೆಣ್ಣೆ ಮತ್ತು ಸಕ್ಕರೆಯನ್ನು ಚೆನ್ನಾಗಿ ತಿಕ್ಕಿ, ಉಳಿದದ್ದನ್ನು ಸೇರಿಸಿ ಒಟ್ಟುಮಾಡಿ. ಚಪಾತಿ ಹಿಟ್ಟಿನ ಹಾಗೆ ನಾದಬಾರದು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಅದೇ ಆನೆಯ ಅಚ್ಚಿನ ಒಂದು ಭಾಗವನ್ನು ಮಾತ್ರ ತೆಗೆದುಕೊಂಡು, ಅದು ಪೂರ್ತಿ ಒಣಗಿದ ಮೇಲೆ ಮೈದಾ ಉದುರಿಸಿ, ಹಿಟ್ಟು ಒತ್ತಿ ಬಿಡಿಸಿ. ಚಪ್ಪಟೆ ಬೆನ್ನಿನ ಆನೆ ಸಿಗುತ್ತದೆ. ಕಣ್ಣಿಗೆ ಕರಿ ಎಳ್ಳು. ಅಡುಗೆ ಸೋಡಾ ಹಾಕಬೇಡಿ, ಉಬ್ಬಿ ನಾಲ್ಕೂ ಕಾಲು ಒಂದಾಗುತ್ತವೆ.

ಓವನ್ನಿನಲ್ಲಿ 160 ಡಿಗ್ರಿಗೆ 18ರಿಂದ 20 ನಿಮಿಷ. ಓವನ್ ಇಲ್ಲದಿದ್ದರೆ ದಪ್ಪ ಬಾಣಲೆಗೆ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ 25 ನಿಮಿಷ. ಅಂಚು ಹೊಂಬಣ್ಣಕ್ಕೆ ತಿರುಗುತ್ತಿದ್ದಂತೆ ತೆಗೆಯಿರಿ. ಆಗ ಮೆತ್ತಗೇ ಇರುತ್ತವೆ, ಆರಿದ ಮೇಲೆ ಗರಿಗರಿಯಾಗುತ್ತವೆ. ಬೆಂದಿಲ್ಲವೆಂದು ಮತ್ತೆ ಒಳಗಿಡುವವರೇ ಹೆಚ್ಚು; ಅವರ ಬಿಸ್ಕತ್ತು ಹಲ್ಲಿಗೆ ಪರೀಕ್ಷೆ.

ಕಟ್ಟಿ ಕಳುಹಿಸುವುದು

ಗುಳ್ಳೆ ಪ್ಲಾಸ್ಟಿಕ್ಕು ಕೊಳ್ಳಬೇಡಿ. ದಾವಣಗೆರೆಯಲ್ಲಿ ಮಂಡಕ್ಕಿಗೆ ಬರವೇ? ಡಬ್ಬಿಯ ತಳಕ್ಕೆ ಬೆಣ್ಣೆ ಕಾಗದ, ಅದರ ಮೇಲೆ ಗರಿಗರಿ ಮಂಡಕ್ಕಿಯ ದಪ್ಪ ಹಾಸು, ಗೊಂಬೆಗಳ ನಡುವೆಯೂ ಮೇಲೂ ಮಂಡಕ್ಕಿ ತುಂಬಿ ಅಲುಗಾಡದಂತೆ ಮುಚ್ಚಿ. ಬಸ್ಸಿನಲ್ಲಿ ಒಯ್ದರೂ ಸೊಂಡಿಲು ಉಳಿಯುತ್ತದೆ, ತೇವವನ್ನೂ ಮಂಡಕ್ಕಿ ಮೊದಲು ಹೀರಿಕೊಳ್ಳುತ್ತದೆ. ಬಿಸ್ಕತ್ತಿಗೆ ಬೇರೆ ಡಬ್ಬಿ ಇರಲಿ, ಬೆಣ್ಣೆಯ ಜಿಡ್ಡು ಬಿಳಿ ಗೊಂಬೆಗೆ ಕಲೆ ಮಾಡುತ್ತದೆ.

ತಲುಪಿದ ಮನೆಯವರಿಗೆ ಮೂರು ಮಾತು ಹೇಳಿ ಕಳುಹಿಸಿ. ಗೊಂಬೆಗಳು ತೇವ ತಾಗದಿದ್ದರೆ ತಿಂಗಳುಗಟ್ಟಲೆ ಇರುತ್ತವೆ. ಬಿಸ್ಕತ್ತನ್ನು ವಾರದೊಳಗೆ ಮುಗಿಸಬೇಕು. ಮಂಡಕ್ಕಿಯನ್ನು ಚೆಲ್ಲಬಾರದು, ಎಣ್ಣೆ, ಖಾರದ ಪುಡಿ, ಪುಟಾಣಿ ಹಿಟ್ಟು, ಈರುಳ್ಳಿ ಹಾಕಿ ಅಂದೇ ಸಂಜೆ ಕಲಸಿಕೊಳ್ಳಬೇಕು. ಸಕ್ಕರೆಯ ಚೂರು ಬಿದ್ದಿದ್ದರೆ ಜರಡಿ ಹಿಡಿದರಾಯಿತು.