ಜೆರೇನಿಯಂಗೆ ನೀರು ಹಾಕದೇ ಇರುವುದನ್ನು ಕಲಿತೆ

ನನ್ನ ಮೊದಲ ಜೆರೇನಿಯಂ ಸತ್ತಿದ್ದು ನನ್ನ ಕೈಯಿಂದಲೇ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಒಂದು ಚೊಂಬು ನೀರು ಹಾಕುತ್ತಿದ್ದೆ. ಎಲೆ ಹಳದಿಯಾಯಿತು. ನೀರು ಸಾಲದೇನೋ ಅಂದುಕೊಂಡು ಎರಡು ಚೊಂಬು ಮಾಡಿದೆ. ಒಂದು ವಾರದಲ್ಲಿ ಕಾಂಡದ ಬುಡ ಕಪ್ಪಾಗಿ, ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಸ್ವಲ್ಪ ಎಳೆದೆ ಅಷ್ಟೇ, ಗಿಡ ಕೈಗೆ ಬಂತು, ಬೇರು ಮಣ್ಣಲ್ಲೇ ಉಳಿಯಿತು.

ಎರಡನೆಯದಕ್ಕೂ ಅದೇ ಗತಿ. ಮೂರನೆಯದು ಬದುಕಿದ್ದು ನಾನು ಹತ್ತು ದಿನ ಮನೆಯಲ್ಲಿ ಇರಲಿಲ್ಲ ಅನ್ನುವ ಒಂದೇ ಕಾರಣಕ್ಕೆ. ವಾಪಸ್ ಬಂದು ನೋಡಿದರೆ ಕುಂಡದ ಮಣ್ಣು ಅಂಚು ಬಿಟ್ಟು ಬಿರುಕಾಗಿತ್ತು. ಕೆಳಗಿನ ಎರಡು ಎಲೆ ಒಣಗಿದ್ದವು. ಆದರೆ ಮೇಲೆ ಮೂರು ಮೊಗ್ಗಿನ ಗೊಂಚಲು! ಎಲ್ಲವೂ ತಲೆ ಬಗ್ಗಿಸಿಕೊಂಡಿದ್ದವು, ಬಾಡಿವೆ ಅಂದುಕೊಂಡೆ. ಬಾಡಿರಲಿಲ್ಲ. ಜೆರೇನಿಯಂ ಮೊಗ್ಗು ಇರುವುದೇ ಹಾಗೆ. ಅರಳುವ ಹೊತ್ತಿಗೆ ಒಂದೊಂದೇ ತಲೆ ಎತ್ತುತ್ತವೆ.

ನಾನು ಎಡವಿದ್ದು ಎಲ್ಲಿ ಅಂತ ಆಮೇಲೆ ತಿಳಿಯಿತು. ನಾನು ಓದಿಕೊಂಡಿದ್ದ ಸಲಹೆ ಬೇರೆ ಗಿಡದ್ದು. ‘ಜೆರೇನಿಯಂಗೆ ಅರೆನೆರಳು ಸಾಕು, ಮಣ್ಣು ತೇವವಾಗಿರಲಿ’ ಅಂತ ಬರೆದಿತ್ತು. ಅದು ನಿಜವಾದ ಜೆರೇನಿಯಂ, ಹಿಮ ಬಿದ್ದರೂ ತಡೆದುಕೊಂಡು ಮತ್ತೆ ಚಿಗುರುವ ಗಿಡ. ನಾವು ಕುಂಡದಲ್ಲಿ ಇಟ್ಟುಕೊಂಡು ಜೆರೇನಿಯಂ ಅನ್ನುವುದು ಪೆಲಾರ್ಗೋನಿಯಂ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ ಎರಡನ್ನೂ ಜೆರೇನಿಯಂ ಅಂತ ಒಂದೇ ಗುಂಪಿಗೆ ಹಾಕಿಬಿಟ್ಟಿದ್ದ. 1789ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಲೆರಿತಿಯೆ ಬೇರೆ ಮಾಡಿದ. ಜನರ ಬಾಯಲ್ಲಿ ಮಾತ್ರ ಹಳೇ ಹೆಸರೇ ನಿಂತಿತು. ಹೂ ನೋಡಿದರೆ ಗುರುತು ಸಿಗುತ್ತದೆ: ನಿಜವಾದ ಜೆರೇನಿಯಂಗೆ ಐದು ದಳವೂ ಒಂದೇ ಥರ, ಪೆಲಾರ್ಗೋನಿಯಂಗೆ ಮೇಲಿನ ಎರಡು ಕೆಳಗಿನ ಮೂರಕ್ಕಿಂತ ಸ್ವಲ್ಪ ಬೇರೆ. ಪೆಲಾರ್ಗೋನಿಯಂನ ಕಾಡು ಜಾತಿಗಳಲ್ಲಿ ಹೆಚ್ಚಿನವು ದಕ್ಷಿಣ ಆಫ್ರಿಕಾದವು, ಬಿಸಿಲು ಮತ್ತು ಒಣ ನೆಲ ಅಭ್ಯಾಸವಾದವು. ದಪ್ಪ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡಕ್ಕೆ ನಾನು ದಿನಾ ಚೊಂಬು ಹಿಡಿದು ನಿಂತಿದ್ದೆ!

ಈಗ ನೀರು ಹಾಕುವ ಮುಂಚೆ ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸುತ್ತೇನೆ. ತಣ್ಣಗೆ ತಾಕಿದರೆ ಸುಮ್ನೆ ಬರುತ್ತೇನೆ. ಕುಂಡ ಎತ್ತಿ ನೋಡುವುದು ಇನ್ನೂ ಸುಲಭ, ಒಣಗಿದ ಕುಂಡ ಹಗುರವಾಗಿರುತ್ತದೆ, ಕೈಗೆ ಗೊತ್ತಾಗಿಬಿಡುತ್ತದೆ. ಹಾಕಿದ ದಿನ ಮಾತ್ರ ತಳದ ತೂತಿನಿಂದ ಹರಿಯುವಷ್ಟು ಹಾಕಬೇಕು, ತಟ್ಟೆಯಲ್ಲಿ ನಿಂತ ನೀರು ಚೆಲ್ಲಬೇಕು. ಮಣ್ಣಿನ ಕುಂಡವೇ ನನಗೆ ಇಷ್ಟ, ಪ್ಲಾಸ್ಟಿಕ್‌ಗಿಂತ ಬೇಗ ಒಣಗುತ್ತದೆ. ಎರಡು ಪಾಲು ಮಣ್ಣು, ಒಂದು ಪಾಲು ಕಾಂಪೋಸ್ಟ್, ಒಂದು ಪಾಲು ದಪ್ಪ ಮರಳು. ಕುಂಡ ದೊಡ್ಡದು ಬೇಡ. ಬೇರು ಸ್ವಲ್ಪ ಇಕ್ಕಟ್ಟಿನಲ್ಲಿದ್ದರೆ ಹೂ ಜಾಸ್ತಿ. ಗೊಬ್ಬರ ವಿಷಯದಲ್ಲೂ ಕೈ ಬಿಗಿಯೇ ಇರಲಿ. ಸಾರಜನಕ ಹೆಚ್ಚಾದರೆ ಅಂಗೈ ಅಗಲದ ಎಲೆ ಬರುತ್ತದೆ, ಹೂವೇ ಇರುವುದಿಲ್ಲ.

ತೋಟದಲ್ಲಿ ನೆಟ್ಟಾಗ ತೊಂದರೆ ಕೊಟ್ಟಿದ್ದು ಮಳೆ. ಒಂದು ಅಡಿ ಅಂತರದಲ್ಲಿ, ಏರು ಮಡಿಯಲ್ಲೇ ನೆಟ್ಟಿದ್ದೆ. ಬುಡಕ್ಕೆ ಏನೂ ಆಗಲಿಲ್ಲ. ಆದರೆ ಒದ್ದೆಯಾದ ದಳಗಳು ಉದುರಿ ಎಲೆ ಮೇಲೆ ಅಂಟಿಕೊಂಡವು. ಅಂಟಿದಲ್ಲೆಲ್ಲ ಕಂದು ಕಲೆ, ಅದರ ಮೇಲೆ ಬೂದು ಬಣ್ಣದ ಬೂಷ್ಟು. ಈಗ ಮೋಡ ಕಂಡರೆ ಮೊದಲು ಬಾಡಿದ ಹೂಗೊಂಚಲು ತೆಗೆಯುತ್ತೇನೆ. ಕತ್ತರಿ ಬೇಡ. ಗೊಂಚಲಿನ ಉದ್ದ ತೊಟ್ಟನ್ನು ಕಾಂಡಕ್ಕೆ ಸೇರುವ ಜಾಗದಲ್ಲಿ ಹಿಡಿದು ಕೆಳಕ್ಕೆ ಬಗ್ಗಿಸಿದರೆ ಪಟ್ ಅಂತ ಚೊಕ್ಕವಾಗಿ ಮುರಿಯುತ್ತದೆ. ಆ ಸದ್ದು ಅಭ್ಯಾಸವಾದರೆ ಬಿಡುವುದಿಲ್ಲ, ಇನ್ನೂ ಬಾಡದ ಗೊಂಚಲನ್ನೂ ಎರಡು ಸಲ ಮುರಿದಿದ್ದೇನೆ.

ಮನೆ ಒಳಗಿನ ಕಥೆ ಬೇರೆ. ಇಲ್ಲಿ ಕೊರತೆ ಬೆಳಕಿನದು. ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೀಳುವ ಕಿಟಕಿ ಬೇಕು, ಇಲ್ಲದಿದ್ದರೆ ಗಿಡ ಕೋಲಿನ ಹಾಗೆ ಉದ್ದವಾಗುತ್ತದೆ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸುತ್ತೇನೆ. ಉದ್ದವಾದದ್ದನ್ನು ದಯೆ ತೋರದೆ ಕತ್ತರಿಸುತ್ತೇನೆ. ಬೆಳಕು ಕಡಿಮೆ ಇರುವ ಚಳಿ ದಿನಗಳಲ್ಲಿ ನೀರು ಇನ್ನೂ ಕಡಿಮೆ.

ಒಳಗಿಟ್ಟಿದ್ದ ಬಳ್ಳಿ ಜೆರೇನಿಯಂ ಒಂದು ಸಲ ನನ್ನನ್ನು ಪೂರ್ತಿ ಮೂರ್ಖನನ್ನಾಗಿ ಮಾಡಿತು. ಎಲೆ ಮಗುಚಿದರೆ ಕೆಳಗೆಲ್ಲ ಸಾಸಿವೆಗಿಂತ ಸಣ್ಣ ಗುಳ್ಳೆಗಳು, ಒಣಗಿದ ಮೇಲೆ ಕಾರ್ಕ್ ಥರ ಕಂದು. ಹುಳು ಅಂತಲೇ ಬೇವಿನ ಎಣ್ಣೆ ಹೊಡೆದೆ, ಮೂರು ವಾರ. ಭೂತಗನ್ನಡಿ ಹಿಡಿದರೂ ಒಂದು ಹುಳುವೂ ಕಾಣಲಿಲ್ಲ. ಇರಲೂ ಇಲ್ಲ. ಮಣ್ಣು ಒದ್ದೆ, ಹವೆ ತಣ್ಣಗೆ, ಬೇರು ಎಳೆದಷ್ಟು ನೀರನ್ನು ಎಲೆ ಹೊರಗೆ ಬಿಡಲಾಗದೆ ಒಳಗಿನ ಕೋಶಗಳು ಉಬ್ಬಿ ಒಡೆದಿದ್ದವು. ಮತ್ತೆ ನೀರೇ! ಆ ಎಲೆಗಳು ಸರಿಹೋಗಲಿಲ್ಲ, ಹೊಸದಾಗಿ ಬಂದವು ನುಣ್ಣಗೆ ಬಂದವು.

ಕಡ್ಡಿ ನೆಡುವುದು ಇದರಲ್ಲಿ ಅತಿ ಸುಲಭದ ಕೆಲಸ, ನೀರಿನ ಪಾಠ ನೆನಪಿದ್ದರೆ. ಹೂವಿಲ್ಲದ ತುದಿಯಿಂದ ಮೂರು ನಾಲ್ಕು ಇಂಚು, ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಬೇಕು. ಕೆಳಗಿನ ಎಲೆ ತೆಗೆಯಬೇಕು. ಗೆಣ್ಣಿನ ಹತ್ತಿರ ಸಣ್ಣ ಕಿವಿಯಂತೆ ಅಂಟಿಕೊಂಡಿರುವುದನ್ನೂ ಚಿವುಟಬೇಕು, ಕೊಳೆ ಶುರುವಾಗುವುದೇ ಅಲ್ಲಿ. ನಾನು ರಾತ್ರಿಯಿಡೀ ಕಾಗದದ ಮೇಲೆ ಬಿಟ್ಟು, ಕತ್ತರಿಸಿದ ಬಾಯಿ ಒಣಗಿದ ಮೇಲೆ ಮರಳು ಮಿಶ್ರಣದಲ್ಲಿ ನೆಡುತ್ತೇನೆ. ಬೇರೆ ಗಿಡಗಳ ಕಡ್ಡಿಗೆ ಪ್ಲಾಸ್ಟಿಕ್ ಚೀಲ ಮುಚ್ಚುತ್ತೇವಲ್ವಾ, ಇದಕ್ಕೆ ಮುಚ್ಚಬೇಡಿ. ಮುಚ್ಚಿದ ಆರರಲ್ಲಿ ಐದು ಕಪ್ಪಾದವು. ಮುಚ್ಚದೆ ಇಟ್ಟವು ಮೂರು ನಾಲ್ಕು ವಾರದಲ್ಲಿ ಬೇರು ಬಿಟ್ಟವು.

ಹೂ ದೊಡ್ಡದಾಗಿ, ಬಣ್ಣ ಗಾಢವಾಗಿ ಇರುವ ರೀಗಲ್ ಜಾತಿಯನ್ನು ಒಂದು ಸಲ ತಂದೆ. ಮೊಗ್ಗು ಕಟ್ಟಲು ಅದಕ್ಕೆ ಕೆಲವು ವಾರ ತಣ್ಣನೆಯ ರಾತ್ರಿಗಳು ಬೇಕು. ನನ್ನ ಕಿಟಕಿಯಲ್ಲಿ ಬರೀ ಎಲೆ. ಮತ್ತೆ ತರಲಿಲ್ಲ. ಪರಿಮಳದ ಎಲೆಯವು ಹೂವಿನಲ್ಲಿ ಸಾಧಾರಣ, ಆದರೆ ಓಡಾಡುವ ದಾರಿಯ ಪಕ್ಕ ಇಟ್ಟಿದ್ದೇನೆ, ಬಟ್ಟೆ ತಾಕಿದರೆ ಸಾಕು. ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಎಟುಕದ ಹಾಗೆ ಇಡಿ, ತಿಂದರೆ ಅವಕ್ಕೆ ಆಗುವುದಿಲ್ಲ.

ಕಳೆದ ಸಲ ಒಂದು ಗೊಂಚಲು ಮುರಿಯಲು ಮರೆತೆ. ಕೊಕ್ಕರೆ ಕೊಕ್ಕಿನಂಥ ಕಾಯಿ ಬಿಟ್ಟಿತು, ಒಣಗಿ ಸೀಳಿತು. ಪ್ರತಿ ಬೀಜಕ್ಕೂ ಸುರುಳಿ ಬಾಲ, ತುದಿಯಲ್ಲಿ ಪುಕ್ಕ. ಒದ್ದೆ ಅಂಗೈ ಮೇಲೆ ಇಟ್ಟರೆ ಬಾಲ ತೇವ ಹೀರಿ ಸುರುಳಿ ಬಿಚ್ಚುತ್ತಾ ಬೀಜವನ್ನು ತಿರುಗಿಸುತ್ತದೆ, ಮಣ್ಣಿಗೆ ಸ್ಕ್ರೂ ಹಾಕಿದ ಹಾಗೆ. ಐದು ಬೀಜ ಹಾಕಿದೆ, ಎರಡು ಮೊಳೆತಿವೆ. ಈ ಎಳೆ ಮೊಳಕೆಗಳಿಗೆ ಮಾತ್ರ ಮಣ್ಣು ಒಣಗಬಾರದಂತೆ. ಚೊಂಬು ಮುಟ್ಟುವ ಧೈರ್ಯ ಇಲ್ಲ, ಟೀ ಚಮಚದಲ್ಲಿ ಹಾಕುತ್ತಿದ್ದೇನೆ.