ದೊಡ್ಡಪ್ಪನ ಅಂಚೆಚೀಟಿಗಳಿಗೆ ಬೆಲೆ ಕಟ್ಟಿ ಮಾರಿದ್ದು

ಶಿವಮೊಗ್ಗದಲ್ಲಿ ಮೇಷ್ಟ್ರಾಗಿದ್ದ ನಮ್ಮ ದೊಡ್ಡಪ್ಪ ಬದುಕಿಡೀ ಅಂಚೆಚೀಟಿ ಕೂಡಿಟ್ಟವರು. ಅವರು ಹೋದ ಮೇಲೆ ದೊಡ್ಡಮ್ಮ ಆಲ್ಬಮ್‌ಗಳನ್ನೂ ಒಂದು ತಗಡಿನ ಟ್ರಂಕನ್ನೂ ನನಗೆ ಒಪ್ಪಿಸಿದರು. "ನಿಂಗಾದ್ರೆ ಇದ್ರ ರುಚಿ ಗೊತ್ತು. ಬೇಕಾದೋರಿಗೆ ತಲುಪ್ಸು, ಆದ್ರೆ ಸುಮ್ನೆ ಕೊಟ್ಟುಬಿಡ್ಬೇಡ" ಅಂದರು.

ನಾನು ಮೊದಲು ಕೂತದ್ದು ವಿಂಗಡಣೆಗೆ. ನಮ್ಮಲ್ಲಿ ಏನಿದೆ ಅಂತ ನಮಗೇ ತಿಳಿಯದೆ ಇಡೀ ರಾಶಿ ಮುಂದಿಟ್ಟು "ಎಷ್ಟು ಕೊಡ್ತೀರಿ?" ಎಂದು ಕೇಳಿದರೆ, ವ್ಯಾಪಾರಿ ಸಾಮಾನ್ಯ ಚೀಟಿಗಳ ಲೆಕ್ಕ ಹಿಡಿದೇ ಬೆಲೆ ಹೇಳುತ್ತಾನೆ. ಅದು ಅವನ ವ್ಯಾಪಾರ. ಒಳಗೆ ಒಳ್ಳೆಯದಿದ್ದರೆ ಅದನ್ನು ಎತ್ತಿ ತೋರಿಸಬೇಕಾದವರು ನಾವು.

ವಿದೇಶಿ ಪುಟಗಳು ಬೇಗ ಮುಗಿದವು. 'ಮಗ್ಯಾರ್ ಪೋಸ್ಟಾ' ಅಂತ ಅಚ್ಚಾಗಿರುವ ಹಂಗೇರಿಯ ಚೀಟಿಗಳು, ಪೋಲೆಂಡ್, ಶಾರ್ಜಾ, ಅಜ್ಮಾನ್, ಫುಜೈರಾ. ನಮ್ಮ ತಲೆಮಾರಿನ ಯಾವ ಆಲ್ಬಮ್ ತೆಗೆದರೂ ಇವೇ. ಹೂವು, ಚಿಟ್ಟೆ, ರಾಕೆಟ್ಟು, ಕಣ್ಣಿಗೆ ಹಬ್ಬ. ಆದರೆ ಇವುಗಳಲ್ಲಿ ಬಹುಪಾಲು ಸಂಗ್ರಾಹಕರಿಗೆ ಮಾರಲೆಂದೇ ಅಚ್ಚಾದವು. ಮೂಲೆಯಲ್ಲಿ ಅಚ್ಚುಕಟ್ಟಾಗಿ ಮುದ್ರೆ ಬಿದ್ದಿದ್ದು ಹಿಂದೆ ಅಂಟು ಹಾಗೇ ಉಳಿದಿದ್ದರೆ, ಆ ಚೀಟಿ ಯಾವ ಕಾಗದದ ಮೇಲೂ ಪ್ರಯಾಣ ಮಾಡಿಲ್ಲ ಅಂತ ಅರ್ಥ. ಕೆ.ಜಿ. ಲೆಕ್ಕದಲ್ಲಿ ಹೋಗುವ ಮಾಲು. 1970ರ ನಂತರದ ಭಾರತದ ಸ್ಮರಣಾರ್ಥ ಚೀಟಿಗಳು, ಚೀಟಿ ಬಿಡುಗಡೆಯಾದ ದಿನದ ಮುದ್ರೆ ಹೊತ್ತ 'ಮೊದಲ ದಿನದ ಲಕೋಟೆ'ಗಳ ಕಥೆಯೂ ಹೆಚ್ಚುಕಡಿಮೆ ಇದೇ. 2006ರ ಗಂಧದ ಪರಿಮಳದ ಚೀಟಿಯನ್ನು ಎಲ್ಲರೂ ಜೋಪಾನ ಮಾಡಿಟ್ಟರು. ಎಲ್ಲರ ಹತ್ತಿರವೂ ಇರುವುದಕ್ಕೆ ದೊಡ್ಡ ಬೆಲೆ ಹೇಗೆ ಬರಬೇಕು?

ನಾನು ಹೆಚ್ಚು ಹೊತ್ತು ಕಳೆದದ್ದು ಬ್ರಿಟಿಷ್ ಕಾಲದ ಪುಟಗಳಲ್ಲಿ. ಐದನೇ ಜಾರ್ಜ್ ಚೀಟಿಗಳಲ್ಲಿ ಒಂದೇ ಚಿತ್ರ, ಒಂದೇ ಮುಖಬೆಲೆ ಇದ್ದರೂ ವಾಟರ್‌ಮಾರ್ಕ್, ಅಂದರೆ ಕಾಗದದೊಳಗೇ ಮೂಡಿಸಿದ ಮಸುಕು ಗುರುತು, ಬೇರೆ. 1911ರಿಂದ ಬಂದವಕ್ಕೆ ಚೀಟಿಗೊಂದೇ ನಕ್ಷತ್ರ, 1926ರ ನಂತರದವಕ್ಕೆ ಸಾಲುಸಾಲು ನಕ್ಷತ್ರ. ಕಪ್ಪು ಬಟ್ಟಲಲ್ಲಿ ಚೀಟಿಯನ್ನು ಬೋರಲು ಹಾಕಿ ಲೈಟರ್‌ಗೆ ತುಂಬುವ ದ್ರವದ ಎರಡು ಹನಿ ಬಿಟ್ಟರೆ ಅದು ಎದ್ದು ಕಾಣುತ್ತದೆ, ಅಂಟೂ ಕೆಡುವುದಿಲ್ಲ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಚೀಟಿಯ ಅಂಚಿನ ಹಲ್ಲು ಅಳೆಯುವ ಗೇಜು, ಒಂದು ಲೆನ್ಸು, ಚಿಮಟ ಇಷ್ಟಿದ್ದರೆ ಮನೆಯಲ್ಲೇ ಮುಕ್ಕಾಲು ಕೆಲಸ ಆಗುತ್ತದೆ. ಬೆರಳಿನಿಂದ ಮಾತ್ರ ಮುಟ್ಟಬಾರದು.

ಮಲೆನಾಡಿನ ಮಳೆಗಾಲ ಅಂಚೆಚೀಟಿಗೆ ಶತ್ರು. ಕೆಲವು ಬಳಸದ ಚೀಟಿಗಳು ಪುಟಕ್ಕೆ ಕಚ್ಚಿಕೊಂಡಿದ್ದವು. ಅವನ್ನು ನೀರಿಗೆ ಹಾಕಿದರೆ ಅಂಟು ಹೋಗುತ್ತದೆ, ಅಂಟಿನ ಜೊತೆ ಬೆಲೆಯೂ. ಮುಚ್ಚಳವಿರುವ ಡಬ್ಬಿಯ ತಳದಲ್ಲಿ ಒದ್ದೆ ಸ್ಪಂಜಿಟ್ಟು, ಮೇಲೆ ಜಾಳಿಗೆಯ ಮೇಲೆ ಪುಟದ ತುಂಡನ್ನಿಟ್ಟು, ನೀರು ತಾಕದಂತೆ ಕೆಲವು ಗಂಟೆ ಬಿಟ್ಟೆ. ತೇವಕ್ಕೆ ಹಿಡಿತ ಸಡಿಲವಾಗಿ ಚಿಮಟದಿಂದ ಮೆಲ್ಲಗೆ ಬಿಡಿಸಲು ಬಂತು. ಹಲ್ಲಿನ ಬಳಿ ಕಂದು ಚುಕ್ಕೆ ಬಿದ್ದವಕ್ಕೆ ಏನೂ ಮಾಡಲಿಲ್ಲ. ಅದನ್ನು ತೊಳೆಯುವ, ಬಿಳಿ ಮಾಡುವ ಉಪಾಯ ಹೇಳುವವರಿದ್ದಾರೆ. ಕೊಳ್ಳುವವರಿಂದ ಅದನ್ನು ಮುಚ್ಚಿಡುವುದು ಸರಿಯಲ್ಲ.

1948ರ ಗಾಂಧಿ ಚೀಟಿಗಳು ನಾಲ್ಕೂ ಇದ್ದವು: ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ, ಹತ್ತು ರೂಪಾಯಿ. ಸ್ವಿಟ್ಜರ್ಲೆಂಡಿನ ಕೂರ್ವಾಸಿಯೇ ಮುದ್ರಣಾಲಯದಲ್ಲಿ ಅಚ್ಚಾದವು. ಬೆಲೆ ಇರುವುದು ಹತ್ತು ರೂಪಾಯಿಯದಕ್ಕೆ, ನಕಲಿ ಹೆಚ್ಚಾಗಿರುವುದೂ ಅದಕ್ಕೇ. ಹಾಗಾಗಿ ನನ್ನ ಕಣ್ಣನ್ನಷ್ಟೇ ನಂಬಲಿಲ್ಲ. ಗಾಂಧಿ ಚೀಟಿಗಳನ್ನೇ ಕೂಡಿಡುವ ಹಿರಿಯರೊಬ್ಬರ ಬಳಿಯಿದ್ದ ಅಸಲಿಯ ಪಕ್ಕ ಇಟ್ಟು, ಹಲ್ಲು, ಬಣ್ಣ, ಅಚ್ಚಿನ ನಯ ಮೂರನ್ನೂ ಹೋಲಿಸಿದೆವು. ಅಸಲಿಯೇ. ಆದರೆ ಹಿಂದೆ ಹಿಂಜ್, ಅಂದರೆ ಚೀಟಿಯನ್ನು ಆಲ್ಬಮ್‌ಗೆ ಕೂರಿಸುವ ಸಣ್ಣ ಕಾಗದದ ಪಟ್ಟಿ, ಅಂಟಿಸಿ ತೆಗೆದ ಗುರುತಿತ್ತು. ಅಷ್ಟಕ್ಕೇ, ಅಂಟು ಮಾಸದ ಚೀಟಿಗೆ ಬರುವ ಬೆಲೆಗೂ ಇದಕ್ಕೂ ಬಹಳ ಅಂತರ ಬಿತ್ತು.

ನಿಜವಾದ ನಿಧಿ ಟ್ರಂಕಿನಲ್ಲಿತ್ತು. ಜಮೀನಿನ ಕಾಗದಪತ್ರಗಳ ನಡುವೆ ಮಡಚಿದ ಹಳೆಯ ಓಲೆಗಳು, ಮೇಲೆ ಮೈಸೂರು ಅಂಚೆಯ ಮುದ್ರೆ. ಒಡೆಯರ ಸಂಸ್ಥಾನದ ಈ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು. ತನ್ನದೇ ಅಂಚೆಚೀಟಿಯನ್ನು ಅದು ಹೊರಡಿಸಲೇ ಇಲ್ಲ. ಆದ್ದರಿಂದ ಅದರ ನೆನಪು ಉಳಿದಿರುವುದು ಇಂಥ ಓಲೆಗಳ ಮೇಲಿನ ಮುದ್ರೆಗಳಲ್ಲೇ. ಚೀಟಿಯಿಲ್ಲದ ಕಾಗದ ಅಂತ ಎಷ್ಟು ಮನೆಗಳಲ್ಲಿ ಇವು ಒಲೆಗೆ ಹೋಗಿವೆಯೋ! ದಯವಿಟ್ಟು ಹಳೆಯ ಲಕೋಟೆಯಿಂದ ಚೀಟಿ ಕತ್ತರಿಸಬೇಡಿ. ಎಲ್ಲಿಂದ ಹೊರಟಿತು, ಯಾವ ದಾರಿ, ಎಷ್ಟು ಸುಂಕ, ಎಲ್ಲವೂ ಆ ಲಕೋಟೆಯ ಮೇಲೇ ಇರುತ್ತದೆ. ಕೊಳ್ಳುವವರು ಹಣ ಕೊಡುವುದು ಅದಕ್ಕೆ.

ಬೆಲೆಗೆ ಸ್ಟಾನ್ಲಿ ಗಿಬ್ಬನ್ಸ್ ಎಂಬ ಬ್ರಿಟಿಷ್ ಕಂಪನಿಯ ಅಂಚೆಚೀಟಿ ಕ್ಯಾಟಲಾಗ್ ನೋಡಿದೆ. ಅದರಲ್ಲಿರುವುದು ಅಂಗಡಿಯವರು ಒಳ್ಳೆಯ ಸ್ಥಿತಿಯ ಚೀಟಿಯನ್ನು ಮಾರುವ ಬೆಲೆ, ನಮ್ಮಿಂದ ಕೊಳ್ಳುವ ಬೆಲೆಯಲ್ಲ. ತೀರಾ ಸಾಮಾನ್ಯ ಚೀಟಿಗೆ ಹಾಕಿರುವ ಕನಿಷ್ಠ ಬೆಲೆ ಹುಡುಕಿ ತೆಗೆದುಕೊಡುವ ಕೂಲಿ ಅಷ್ಟೇ. ಅಂಥ ಸಾವಿರ ಚೀಟಿ ಕೂಡಿಸಿ ಲಕ್ಷದ ಲೆಕ್ಕ ಹಾಕಬಾರದು. ಆನ್‌ಲೈನಿನಲ್ಲೂ ಕೇಳುವ ಬೆಲೆ ಬಿಟ್ಟು, ಈಬೇಯಲ್ಲಿ 'ಸೋಲ್ಡ್' ಪಟ್ಟಿ ಮತ್ತು ಹರಾಜು ಸಂಸ್ಥೆಗಳ ಹಳೆಯ ಫಲಿತಾಂಶ ನೋಡಿದೆ. ಬೆಂಗಳೂರು ಜಿಪಿಒ, ಅಂದರೆ ಪ್ರಧಾನ ಅಂಚೆ ಕಚೇರಿಯ ಫಿಲಾಟೆಲಿ (ಅಂಚೆಚೀಟಿ ಸಂಗ್ರಹ) ಬ್ಯೂರೋದಲ್ಲಿ ಹೊಸ ಚೀಟಿ ಸಿಗುತ್ತದೆ, ಹಳೆಯದನ್ನು ಅಲ್ಲಿ ಕೊಳ್ಳುವುದಿಲ್ಲ. ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯ ಸದಸ್ಯರ ಪರಿಚಯ ಮಾಡಿಕೊಂಡದ್ದೇ ನನಗೆ ಹೆಚ್ಚು ಉಪಯೋಗಕ್ಕೆ ಬಂತು.

ಮಾರುವಾಗ ಮೂರು ಪಾಲು ಮಾಡಿದೆ. ಓಲೆಗಳನ್ನೂ ಹತ್ತು ರೂಪಾಯಿಯ ಗಾಂಧಿಯನ್ನೂ ಹರಾಜಿಗೆ ಕೊಟ್ಟೆ. ಕೊಡುವ ಮುಂಚೆ ಕಮಿಷನ್ ಎಷ್ಟು, ಕನಿಷ್ಠ ಬೆಲೆ ಯಾರು ನಿಗದಿ ಮಾಡುವುದು, ಹೋಗದಿದ್ದರೆ ವಾಪಸಿಗೆ ಖರ್ಚು ಯಾರದು, ಹಣ ಎಂದು ಬರುತ್ತದೆ, ಎಲ್ಲವನ್ನೂ ಬರಹದಲ್ಲಿ ಪಡೆದೆ. ಪ್ರತಿಯೊಂದರ ಹಿಂದುಮುಂದು ಸ್ಕ್ಯಾನ್ ಮಾಡಿಟ್ಟುಕೊಂಡೆ. ಜಾರ್ಜ್ ಕಾಲದವು, ಹೈದರಾಬಾದ್, ತಿರುವಾಂಕೂರು ಚೀಟಿಗಳು ಸಂಗ್ರಾಹಕರಿಗೆ ನೇರವಾಗಿ ಹೋದವು. ಕ್ಯಾಟಲಾಗಿನ ಮೂರನೇ ಒಂದು ಪಾಲಿನ ಆಸುಪಾಸು ಸಿಕ್ಕಿತು. ನನ್ನ ಪ್ರಕಾರ ಅದು ನ್ಯಾಯವಾದ ಬೆಲೆ. ಓಲೆಗಳು ಮಾತ್ರ ಉಳಿದೆಲ್ಲ ಸೇರಿಸಿದರೂ ಮೀರುವಷ್ಟು ತಂದವು. ಹಣ ದೊಡ್ಡಮ್ಮನ ಖಾತೆಗೆ ಹೋಯಿತು. ವಿದೇಶಿ ಚೀಟಿಗಳನ್ನು ದೊಡ್ಡಪ್ಪ ಪಾಠ ಹೇಳಿದ ಶಾಲೆಯ ಮಕ್ಕಳಿಗೆ ಚಿಮಟದ ಸಮೇತ ಹಂಚಿದೆ.