ಅಮಾವಾಸ್ಯೆಯ ದವಾಖಾನೆ: ನನ್ನ ಅನುಭವ

ದಾವಣಗೆರೆ ಸೀಮೆಯ ಒಂದು ಮಠದ ದಾಸೋಹ ಮನೆಗೆ ಅಂಟಿಕೊಂಡ ಹಳೆಯ ಉಗ್ರಾಣದಲ್ಲಿ ನಾನು ಧರ್ಮಾರ್ಥ ಚಿಕಿತ್ಸಾಲಯ ನಡೆಸಲು ತೊಡಗಿ ನಾಲ್ಕು ವರ್ಷಗಳಾದವು. ಬಿಪಿ, ಸಕ್ಕರೆ ಕಾಯಿಲೆಯವರನ್ನು ಅಮಾವಾಸ್ಯೆಯಂದೇ ನೋಡುತ್ತೇನೆ ಎಂದಾಗ, ಆ ನೂಕುನುಗ್ಗಲಿನಲ್ಲಿ ವೈದ್ಯಕೀಯ ನಡೆಯದು ಎಂದು ಜೊತೆಯ ವೈದ್ಯರೇ ಹೇಳಿದ್ದರು. ಈಗ ದಾಖಲೆಯಲ್ಲಿರುವ ಸುಮಾರು 300 ಜನರಲ್ಲಿ 240ರಷ್ಟು ಮಂದಿ ತಪ್ಪದೆ ಬರುತ್ತಾರೆ. ಇಂಥ ಹಾಜರಿಯನ್ನು ಈ ಸುತ್ತಿನ ಬೇರಾವ ದವಾಖಾನೆಯಲ್ಲಿಯೂ ನಾನು ಕಂಡಿಲ್ಲ.

ಮೊದಲ ವರ್ಷ ಪ್ರತಿ ಭಾನುವಾರ ಕುಳಿತು ಸೋತೆ. ನಮ್ಮಲ್ಲಿಗೆ ಬರುವವರು ಮಂಡಕ್ಕಿ ಭಟ್ಟಿಯವರು, ಹಮಾಲರು, ಮನೆಗೆಲಸದವರು. ಆಯುಷ್ಮಾನ್ ಕಾರ್ಡ್ ಇದ್ದರೂ ಅದು ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೇ ಹೊರತು ದಿನದ ಮಾತ್ರೆಗಲ್ಲ. ತಲೆ ಸುತ್ತಿದಾಗ ಬರುತ್ತಿದ್ದರು, ಸುಮಾರಾದೊಡನೆ ಬಿಡುತ್ತಿದ್ದರು. ಹಣವಿಲ್ಲದ್ದರಿಂದ ನಾನು ಬೇರೆ ಬೇರೆ ಔಷಧ ಕಂಪನಿಗಳವರು ಕೊಡುವ ಸ್ಯಾಂಪಲ್ ಮಾತ್ರೆಗಳನ್ನು ಕೂಡಿಹಾಕಿ ಕೊಡುತ್ತಿದ್ದೆ. ಭಟ್ಟಿಯ ಹೆಂಗಸೊಬ್ಬಳು ಒಲೆಯ ಬಳಿ ಕುಸಿದು ಮುಂಗೈ ಸುಟ್ಟುಕೊಂಡು ಬಂದಾಗ, ಅವಳ ಸೆರಗಿನ ಗಂಟು ಬಿಚ್ಚಿ ನೋಡಿದರೆ ಎರಡು ಬಣ್ಣದ ಎರಡು ಸ್ಟ್ರಿಪ್, ಎರಡೂ ಬಿಪಿಯ ಅದೇ ಅಮ್ಲೋಡಿಪಿನ್. ಬೇರೆ ಬೇರೆ ಮಾತ್ರೆ ಎಂದು ಎರಡನ್ನೂ ನುಂಗಿದ್ದಳು. ಆ ಸಂಜೆಯೇ ಸ್ಯಾಂಪಲ್ ಪೆಟ್ಟಿಗೆಯನ್ನು ಮುಚ್ಚಿದೆ.

ಅಂದಿನಿಂದ ಒಂದು ರೋಗಕ್ಕೆ ಒಂದೇ ಜನೌಷಧಿ ಮಾತ್ರೆ. ಅಮ್ಲೋಡಿಪಿನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಎರಡೂ ಬೇಕಾದವರಿಗೆ ತಿಂಗಳಿಗೆ 60-65 ರೂಪಾಯಿ ಬೀಳುತ್ತದೆ. ರಕ್ತದ ಸಕ್ಕರೆ ನೋಡುವ ಗ್ಲುಕೋಮೀಟರ್ ಪಟ್ಟಿ ಸೇರಿ ದವಾಖಾನೆಯ ಒಟ್ಟು ಖರ್ಚು ತಿಂಗಳಿಗೆ 18 ಸಾವಿರದ ಆಸುಪಾಸು. ಅರ್ಧ ಮಠದ ಹುಂಡಿಯದು, ಉಳಿದದ್ದು ದಲಾಲಿ ಅಂಗಡಿಯವರದು.

ತಾರೀಖು ಮರೆಯುವವರೂ ಅಮಾವಾಸ್ಯೆಯನ್ನು ಮರೆಯುವುದಿಲ್ಲ; ಅಂದು ಮಠಕ್ಕೆ ಬಂದೇ ಬರುತ್ತಾರೆ, ಪಕ್ಕದ ಓಣಿಯ ಮುಸಲ್ಮಾನರಿಗೂ ಆ ದಿನ ಗೊತ್ತು. ಇನ್ನೊಂದು ಅನುಕೂಲ ತಡವಾಗಿ ಹೊಳೆಯಿತು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 29 ಅಥವಾ 30 ದಿನ. ಬಿಪಿಯ 30 ಮಾತ್ರೆ ಕೊಟ್ಟರೆ ಹೆಚ್ಚೆಂದರೆ ಒಂದು ಉಳಿಯಬೇಕು. ಖಾಲಿ ಸ್ಟ್ರಿಪ್ ತಂದು ತೋರಿಸಿದರೇ ಹೊಸದು ಎಂಬ ನಿಯಮ ಮಾಡಿದೆ. ನಾಲ್ಕೈದು ಉಳಿದಿದ್ದರೆ, ಬಿಪಿ ಇಳಿದಿಲ್ಲವೆಂದು ಡೋಸ್ ಏರಿಸುವ ಮೊದಲು ಅವರ ಮನೆಯ ಕಷ್ಟ ಕೇಳುತ್ತೇನೆ.

ಫ್ರಿಜ್ ಇಲ್ಲದ ಮನೆಗಳ ಇನ್ಸುಲಿನ್‌ಗಾಗಿ ಗಡಿಗೆಯೊಳಗೆ ಗಡಿಗೆಯಿಟ್ಟು, ನಡುವೆ ಒದ್ದೆ ಮರಳು ತುಂಬಿಯೂ ನೋಡಿದೆ. ಏಪ್ರಿಲ್‌ನಲ್ಲಿ ಹೊರಗೆ 38 ಡಿಗ್ರಿ ಇದ್ದಾಗ ಒಳಗೆ 26-27 ಇತ್ತು. ಬಾಟಲಿಯ ಲೇಬಲ್ ನೆನೆದು ಕಿತ್ತುಬಂದದ್ದರಿಂದ ಈಗ ಬಾಟಲಿಯನ್ನು ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಗಡಿಗೆಯೊಳಗೆ ಇಡಿಸುತ್ತೇನೆ. ಮಳೆಗಾಲದ ತೇವದ ಗಾಳಿಯಲ್ಲಿ ಮರಳು ಆರದೆ ಒಳಗೆ ಅಷ್ಟು ತಂಪಾಗುವುದಿಲ್ಲ, ಆದರೆ ಆಗ ಅದರ ಅಗತ್ಯವೂ ಕಡಿಮೆ.

ಬಾರದೆ ಉಳಿಯುವ ಅರವತ್ತು ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಾಫಿ ಕೊಯ್ಲಿಗೆ ಮಲೆನಾಡಿಗೆ ಹೋಗುವವರು. ಕಳೆದ ದೀಪಾವಳಿ ಅಮಾವಾಸ್ಯೆಯಂದು ಅಂಥ 35 ಜನರಿಗೆ ಎರಡು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಟ್ಟು ಕಳುಹಿಸಿದೆ. ಎಳ್ಳಮಾವಾಸ್ಯೆಗೆ ಊರಿಗೆ ಬಂದು ಖಾಲಿ ಸ್ಟ್ರಿಪ್ ತೋರಿಸಿದವರು ಇಪ್ಪತ್ತು ಮಂದಿ. ಉಳಿದವರಿಗಾಗಿ ಈ ಸಲ ಕೊಯ್ಲಿನ ಮೇಸ್ತ್ರಿಯ ಕೈಯಲ್ಲೇ ಚೀಲ ಕಟ್ಟಿಕೊಡಲಿದ್ದೇನೆ.